ಆಟದ ಸಾಧನಗಳ ಆಯುಃಪ್ರಮಾಣ: ಕೊಂಡಪಲ್ಲಿಯ ಗೊಂಬೆಯೂ ಕನ್ಸೋಲಿನ ತಲೆಮಾರೂ

ಮಕ್ಕಳ ಆಟದ ಸಾಧನಗಳನ್ನು ಕುರಿತ ಗಂಭೀರವಾದ ವಿಚಾರ ಕನ್ನಡದಲ್ಲಿ ನಡೆದಿರುವುದು ತೀರ ಅಲ್ಪ. ಆಡಿ ಮುಗಿದೊಡನೆ ಅಟ್ಟ ಸೇರುವ ವಸ್ತುವಿನ ಗೊಡವೆ ವಿದ್ವಾಂಸರಿಗೆ ಏತಕ್ಕೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೂ ಒಂದು ಜನಾಂಗವು ತನ್ನ ಮಕ್ಕಳ ಕೈಗೆ ಏನನ್ನು ಕೊಡುತ್ತದೆ, ಕೊಟ್ಟುದನ್ನು ಎಷ್ಟು ಕಾಲ ಕಾಪಾಡಿಕೊಳ್ಳುತ್ತದೆ ಎಂಬುದು ಅದರ ಸಂಸ್ಕೃತಿಯನ್ನು ಅಳೆಯಲು ತಕ್ಕ ಮಾನದಂಡವೇ ಸರಿ. ಈ ದೃಷ್ಟಿಯಿಂದ ಇಂದು ವಿಚಾರಾರ್ಹವಾದ ಪ್ರಶ್ನೆಯೊಂದುಂಟು: ವಿಡಿಯೊ ಗೇಮ್ ಕನ್ಸೋಲಿನ ಒಂದು ತಲೆಮಾರು ಎಷ್ಟು ವರ್ಷ ಬಾಳಬೇಕು? ಐದು ವರ್ಷ ಸಾಕೆನ್ನುವವರಿದ್ದಾರೆ; ಹತ್ತು ವರ್ಷಕ್ಕೆ ಕಡಿಮೆಯಾಗಬಾರದೆನ್ನುವವರೂ ಇದ್ದಾರೆ. ಉಭಯಪಕ್ಷದವರೂ ಜಪಾನು, ಅಮೆರಿಕಾಗಳ ಮಾರುಕಟ್ಟೆಯನ್ನೇ ಕಣ್ಣಮುಂದಿಟ್ಟುಕೊಂಡು ವಾದಿಸುತ್ತಾರೆ. ವಿಜಯವಾಡಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಕೊಂಡಪಲ್ಲಿಯಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳಿದರೆ ಉತ್ತರದ ಸ್ವರೂಪ ಬೇರೆಯಾಗುತ್ತದೆ.

ಕೊಂಡಪಲ್ಲಿ ಕನ್ನಡಿಗರಿಗೆ ಅಪರಿಚಿತವಾದ ಹೆಸರಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸರು ಕಟ್ಟಿದ ಅಲ್ಲಿನ ದುರ್ಗವು ಗಜಪತಿಗಳ ಕೈಯಲ್ಲಿದ್ದಾಗ ಕೃಷ್ಣದೇವರಾಯನು ಅದನ್ನು ಮುತ್ತಿದನು; 1515ರಲ್ಲಿ ಕೊಂಡವೀಡು ವಶವಾದ ತರುವಾಯ ಕೊಂಡಪಲ್ಲಿಯೂ ವಿಜಯನಗರಕ್ಕೆ ಸೇರಿತು. ದುರ್ಗದ ವೈಭವ ಅಳಿದಿದೆ. ಅದರ ತಪ್ಪಲಿನ ಗೊಂಬೆಯ ಕೆಲಸ ಉಳಿದಿದೆ. ಸಮೀಪದ ಕಾಡಿನಲ್ಲಿ ದೊರೆಯುವ ತೆಲ್ಲ ಪೊಣಿಕಿ ಎಂಬ ಹಗುರವಾದ ಮರವನ್ನು ಒಣಗಿಸಿ, ಕೈ, ಕಾಲು, ರುಂಡ, ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಸರಿಗೆ ಮರದ ಹೊಟ್ಟನ್ನು ಬೆರೆಸಿದ ಅಂಟಿನಿಂದ ಜೋಡಿಸಿ, ಸುಣ್ಣ ಬಳಿದು, ಮೇಲೆ ಬಣ್ಣ ಹಚ್ಚುವುದು ಅಲ್ಲಿನ ಕ್ರಮ. ಕೆತ್ತುವ ಕೈ ಗಂಡಸರದಾದರೆ ಬಣ್ಣ ಹಚ್ಚುವುದರಲ್ಲಿ ಹೆಂಗಸರ ಪಾಲು ದೊಡ್ಡದು. ದಶಾವತಾರ, ಅಂಬಾರಿಯ ಆನೆ, ಎತ್ತಿನ ಬಂಡಿ, ತಾಳೆಯ ಮರವನ್ನೇರುವ ಈಡಿಗ ಮೊದಲಾದವು ಪ್ರಸಿದ್ಧವಾದ ಮಾದರಿಗಳು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸವನ್ನು ಕಂಡವರಿಗೆ ಹಗುರವಾದ ಮರ, ಹುಣಿಸೆಬೀಜದ ಅಂಟು, ಗಾಢವಾದ ವರ್ಣಗಳು ಇವೆಲ್ಲ ಪರಿಚಿತವಾಗಿಯೇ ತೋರುತ್ತವೆ. ಕೃಷ್ಣಾ ತೀರಕ್ಕೂ ತುಂಗಭದ್ರಾ ತೀರಕ್ಕೂ ಈ ವಿಷಯದಲ್ಲಿ ಅಂತರ ಹೆಚ್ಚಿಲ್ಲ.

ಇನ್ನು ಕನ್ಸೋಲಿನ ಇತಿಹಾಸವನ್ನು ನೋಡತಕ್ಕದ್ದು. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರ ಮೊದಲು ಮಾರಾಟಕ್ಕೆ ಬಂದುದು 1972ರಲ್ಲಿ; ಮ್ಯಾಗ್ನಾವಾಕ್ಸ್ ಒಡಿಸ್ಸಿ ಎಂಬುದು ಅದರ ಹೆಸರು. ಅಲ್ಲಿಂದ 2020ರವರೆಗೆ ಇತಿಹಾಸಕಾರರು ಒಂಬತ್ತು ತಲೆಮಾರುಗಳನ್ನು ಎಣಿಸುತ್ತಾರೆ. ಇಲ್ಲಿ ತಲೆಮಾರೆಂದರೆ ಸುಮಾರು ಒಂದೇ ಕಾಲದಲ್ಲಿ ಹುಟ್ಟಿ, ಸುಮಾರು ಒಂದೇ ಶಕ್ತಿಯುಳ್ಳ ಯಂತ್ರಗಳ ಗುಂಪು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿಯೂ, ಎರಡನೆಯದು 2000ದ ಮಾರ್ಚಿಯಲ್ಲಿಯೂ, ಮೂರನೆಯದು 2006ರ ನವೆಂಬರಿನಲ್ಲಿಯೂ, ನಾಲ್ಕನೆಯದು 2013ರ ನವೆಂಬರಿನಲ್ಲಿಯೂ, ಐದನೆಯದು 2020ರ ನವೆಂಬರಿನಲ್ಲಿಯೂ ಹೊರಬಂದವು. ಮೊದಲ ಅಂತರ ಐದು ವರ್ಷಕ್ಕೆ ತುಸು ಮೇಲು. ಕೊನೆಯ ಎರಡು ಅಂತರಗಳು ಏಳೇಳು ವರ್ಷ. ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸಿಗೂ ಎರಡನೆಯದಕ್ಕೂ ನಡುವೆ ಇದ್ದುದು ನಾಲ್ಕೇ ವರ್ಷ. ಮುಂದೆ ಅದು ಎಂಟಾಗಿ, ಬಳಿಕ ಏಳಾಯಿತು. ನಿಂಟೆಂಡೊ ಸಂಸ್ಥೆಯ ವೀ ಯೂ 2012ರಲ್ಲಿ ಬಂದು, ಜನರ ಮನಸ್ಸಿಗೆ ಹಿಡಿಸದೆ, ನಾಲ್ಕು ವರ್ಷಕ್ಕೆ ತುಸು ಮೇಲಾಗುವಷ್ಟರಲ್ಲಿ ಸ್ವಿಚ್ಚಿಗೆ ಎಡೆಮಾಡಿಕೊಟ್ಟಿತು. 2017ರ ಮಾರ್ಚಿಯಲ್ಲಿ ಬಂದ ಆ ಸ್ವಿಚ್ಚಾದರೋ 2025ರ ಜೂನಿನಲ್ಲಿ ಎರಡನೆಯ ಸ್ವಿಚ್ ಬರುವವರೆಗೆ ಎಂಟು ವರ್ಷಕ್ಕೆ ಮೇಲ್ಪಟ್ಟು ಏಕಾಂಗಿಯಾಗಿ ಬಾಳಿತು. ಸೋತ ಯಂತ್ರವನ್ನು ಬಿಟ್ಟು ನೋಡಿದರೆ ಅವಧಿ ದೀರ್ಘವಾಗುತ್ತ ಬಂದಿದೆ ಎಂಬುದು ಸ್ಪಷ್ಟ.

ಹೀಗಾಗುವುದಕ್ಕೆ ಕಾರಣಗಳುಂಟು. ಸಿಲಿಕಾನ್ ಚಿಪ್ಪಿನ ಶಕ್ತಿ ಹಿಂದಿನಂತೆ ಕೆಲವೇ ವರ್ಷಗಳಲ್ಲಿ ಅಗ್ಗವಾಗಿ ಇಮ್ಮಡಿಸುವುದಿಲ್ಲ. ಆಟವನ್ನು ರಚಿಸುವ ಕೆಲಸವೂ ಬೃಹತ್ತಾಗಿದೆ. ದೊಡ್ಡ ಆಟವೊಂದಕ್ಕೆ ನೂರಾರು ಜನ ಐದಾರು ವರ್ಷ ದುಡಿಯಬೇಕಾಗುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೊ ಐದನೆಯ ಭಾಗವು 2013ರಲ್ಲಿ ಮೂರನೆಯ ಪ್ಲೇಸ್ಟೇಷನ್ನಿಗೂ, 2014ರಲ್ಲಿ ನಾಲ್ಕನೆಯದಕ್ಕೂ, 2022ರಲ್ಲಿ ಐದನೆಯದಕ್ಕೂ ಬಂದಿತು. ಒಂದೇ ಕೃತಿ ಮೂರು ತಲೆಮಾರುಗಳನ್ನು ದಾಟಿತೆಂದ ಮೇಲೆ ಯಂತ್ರದ ಕಾಲಗತಿಗೂ ಕೃತಿಯ ಕಾಲಗತಿಗೂ ಹೊಂದಿಕೆ ತಪ್ಪಿದೆ ಎಂದೇ ಅರ್ಥ.

ಅಲ್ಪಾವಧಿಯ ಪರವಾದ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ತಯಾರಕರು ಅನೇಕ ವೇಳೆ ಕನ್ಸೋಲನ್ನು ಆರಂಭದಲ್ಲಿ ನಷ್ಟಕ್ಕೆ ಮಾರಿ, ಆಟಗಳ ಮಾರಾಟದಿಂದ ಆ ನಷ್ಟವನ್ನು ತುಂಬಿಕೊಳ್ಳುತ್ತಾರೆ. ಹೊಸತನದ ಆಕರ್ಷಣೆ ಬತ್ತಿದರೆ ಈ ವ್ಯವಸ್ಥೆ ನಿಲ್ಲುವುದಿಲ್ಲ. ಹಳೆಯ ಯಂತ್ರದ ಮಿತಿ ಕಲ್ಪನೆಗೂ ಮಿತಿಯಾಗುತ್ತದೆ. ಎರಡು ಆಯಾಮದ ಚಿತ್ರದಲ್ಲಿಯೇ ಎಲ್ಲರೂ ನಿಂತಿದ್ದರೆ 1990ರ ದಶಕದ ನಡುವೆ ಮೂರು ಆಯಾಮದ ಜಗತ್ತು ತೆರೆಯುತ್ತಿರಲಿಲ್ಲ. ಆದರೆ ಅವಸರದ ಫಲವೂ ಇತಿಹಾಸದಲ್ಲಿ ದಾಖಲಾಗಿದೆ. ಸೆಗಾ ಸಂಸ್ಥೆ 1994ರಲ್ಲಿ ಸ್ಯಾಟರ್ನ್ ಎಂಬ ಯಂತ್ರವನ್ನು ತಂದು, 1998ರಲ್ಲಿಯೇ ಡ್ರೀಮ್‌ಕಾಸ್ಟ್ ಎಂಬ ಮತ್ತೊಂದನ್ನು ತಂದಿತು. 2001ರ ಜನವರಿಯಲ್ಲಿ ಅದನ್ನೂ ಕೈಬಿಟ್ಟು ಕನ್ಸೋಲ್ ತಯಾರಿಕೆಯಿಂದಲೇ ಹಿಂದೆ ಸರಿಯಿತು. ಕೊಂಡ ಯಂತ್ರಕ್ಕೆ ನಾಳೆ ಗತಿಯಿಲ್ಲವೆಂಬ ಶಂಕೆ ಗ್ರಾಹಕನಲ್ಲಿ ಒಮ್ಮೆ ಮೂಡಿದರೆ ಅದನ್ನು ಅಳಿಸುವುದು ಕಷ್ಟ.

ದೀರ್ಘಾವಧಿಯ ಶ್ರೇಷ್ಠ ನಿದರ್ಶನ ಎರಡನೆಯ ಪ್ಲೇಸ್ಟೇಷನ್. 2000ದಲ್ಲಿ ಆರಂಭವಾದ ಅದರ ತಯಾರಿಕೆ 2013ರವರೆಗೆ ನಡೆಯಿತು. ಮಾರಾಟವಾದುದು 15 ಕೋಟಿಗೂ ಮಿಕ್ಕು. ಉತ್ತರಾಧಿಕಾರಿ ಬಂದ ಮೇಲೂ ಅದು ಆರು ವರ್ಷ ಜೀವಿಸಿತೆಂಬುದನ್ನು ಗಮನಿಸಬೇಕು. ಅದರ ಮೇಲೆ ರಚಿತವಾದ ಉತ್ತಮ ಆಟಗಳಲ್ಲಿ ಒಂದಾದ ಗಾಡ್ ಆಫ್ ವಾರ್ ಎರಡನೆಯ ಭಾಗ ಹೊರಬಂದುದು 2007ರಲ್ಲಿ, ಅಂದರೆ ಮೂರನೆಯ ಪ್ಲೇಸ್ಟೇಷನ್ ಮಾರುಕಟ್ಟೆಯಲ್ಲಿ ಇದ್ದಾಗ. ಹೊಸ ವೀಣೆಯನ್ನು ಕೈಗೆತ್ತಿಕೊಂಡ ವೈಣಿಕನಿಗೆ ಅದರ ನಾದ ಒಲಿಯಲು ಕಾಲ ಬೇಕಾಗುವಂತೆ, ಯಂತ್ರದ ಗುಣದೋಷಗಳು ರಚನಕಾರರ ಕೈಗೆ ಹತ್ತುವುದಕ್ಕೂ ಕಾಲ ಬೇಕು.

ಇಲ್ಲಿಯವರೆಗಿನ ವಾದಗಳು ಹಳೆಯವೇ. ಭಾರತದ ಸಂದರ್ಭದಲ್ಲಿ ಸೇರಿಸಬೇಕಾದ ಅಂಶ ಬೇರೊಂದಿದೆ. ತಲೆಮಾರೆಂಬುದು ಎಲ್ಲ ಊರುಗಳಿಗೂ ಏಕಕಾಲದಲ್ಲಿ ಬರುವುದಿಲ್ಲ. ಜಪಾನಿನಲ್ಲಿ 1983ರಲ್ಲಿ ಹುಟ್ಟಿದ ಫ್ಯಾಮಿಕಾಮ್ ಯಂತ್ರದ ನಕಲುಗಳು 1990ರ ದಶಕದಲ್ಲಿ ಆಂಧ್ರ, ಕರ್ನಾಟಕಗಳ ಪಟ್ಟಣಗಳ ಮಕ್ಕಳಿಗೆ ವಿಡಿಯೊ ಗೇಮೆಂದರೆ ಏನೆಂಬುದನ್ನು ಪರಿಚಯಿಸಿದವು. ಆ ವೇಳೆಗೆ ಅದರ ತವರಿನಲ್ಲಿ ಎರಡು ತಲೆಮಾರು ಕಳೆದಿದ್ದಿತು. ಆಡುವವರ ವಿಷಯ ಹೀಗಾದರೆ, ರಚಿಸುವವರ ವಿಷಯ ಇನ್ನೂ ಸ್ಪಷ್ಟ. ಅಂದಿನ ಅವಿಭಕ್ತ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಅರೋನಾ ಟೆಕ್ನಾಲಜೀಸ್ ಎಂಬ ಸಂಸ್ಥೆ ಹನುಮಾನ್: ಬಾಯ್ ವಾರಿಯರ್ ಎಂಬ ಆಟವನ್ನು ರಚಿಸಿತು, ಅದೇ ನಗರದ ಗೇಮ್‌ಶಾಸ್ತ್ರ ಸಂಸ್ಥೆ ಚಿನ್ನಿದಾಂಡು, ಕಬಡ್ಡಿ, ಗಾಳಿಪಟಗಳನ್ನೊಳಗೊಂಡ ದೇಸಿ ಅಡ್ಡಾ ಎಂಬ ಆಟವನ್ನು ರಚಿಸಿತು. ಎರಡೂ 2009ರಲ್ಲಿ ಎರಡನೆಯ ಪ್ಲೇಸ್ಟೇಷನ್ನಿಗಾಗಿ ಬಂದವು. ಆ ಯಂತ್ರಕ್ಕೆ ಆಗ ಒಂಬತ್ತು ವರ್ಷ ತುಂಬಿದ್ದಿತು.

ಈ ಕೃತಿಗಳ ಗುಣವನ್ನು ಹೆಚ್ಚಿಸಿ ಹೇಳುವ ಅಗತ್ಯವಿಲ್ಲ. ಹನುಮಂತನ ಆಟಕ್ಕೆ ವಿಮರ್ಶಕರಿಂದ ಒಳ್ಳೆಯ ಮಾತು ದೊರೆಯಲಿಲ್ಲ. ಆದರೆ ಚಿನ್ನಿದಾಂಡು ಕನ್ಸೋಲಿನ ತೆರೆಯ ಮೇಲೆ ಬರಲು ಸಾಧ್ಯವಾದುದು ಆ ಯಂತ್ರ ಅಗ್ಗವಾಗಿ, ಬಹುಜನರ ಮನೆ ಸೇರಿ, ಅದರ ಮರ್ಮಗಳು ದೂರದ ಊರಿನ ಕುಶಲಿಗಳಿಗೂ ತಿಳಿಯುವಷ್ಟು ಕಾಲ ಉಳಿದುದರಿಂದ. ಮುಂದೆ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ರಚಿಸಿ ದೇಶವಿದೇಶಗಳಲ್ಲಿ ಮನ್ನಣೆ ಪಡೆದ ರಾಜಿ ಎಂಬ ಆಟವೂ ಸ್ವಿಚ್, ನಾಲ್ಕನೆಯ ಪ್ಲೇಸ್ಟೇಷನ್ ಮುಂತಾದವುಗಳ ಮೇಲೆ ಬಂದುದು 2020ರಲ್ಲಿ. ಐದನೆಯ ಪ್ಲೇಸ್ಟೇಷನ್ ಬಾಗಿಲಲ್ಲಿ ನಿಂತಿದ್ದ ಕಾಲ ಅದು. ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ನ ಚರಿತ್ರೆಯೂ ಇಲ್ಲಿ ಸ್ಮರಣೀಯ. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಆ ಸಂಸ್ಥೆ ಬಹುಕಾಲ ಪಾಶ್ಚಾತ್ಯ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಪ್ರತಿ ಹೊಸ ತಲೆಮಾರಿನ ಆರಂಭದಲ್ಲಿ ಬಂಡವಾಳವುಳ್ಳವನು ಮುಂದೆ ನಡೆಯುತ್ತಾನೆ. ಉಳಿದವರ ಕೌಶಲ ಅವನ ಕೂಲಿಗೆ ಸಲ್ಲುತ್ತದೆ. ತಲೆಮಾರಿನ ಮುಪ್ಪಿನಲ್ಲಿ ಮಾತ್ರ ಸಣ್ಣವನಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ದೊರೆಯುತ್ತದೆ. ಆ ಮುಪ್ಪನ್ನು ಮೊಟಕುಗೊಳಿಸಿದರೆ ನಷ್ಟವಾಗುವುದು ಯಾರಿಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಯಂತ್ರ ದೀರ್ಘಕಾಲ ಬಾಳಿದರೆ ಸಾಕೆ? ಸಾಲದು. ಹಿಂದೆ ಕನ್ಸೋಲು ವಯಸ್ಸಾದಂತೆ ಅಗ್ಗವಾಗುತ್ತಿತ್ತು. ಎರಡನೆಯ ಪ್ಲೇಸ್ಟೇಷನ್ ಅಮೆರಿಕಾದಲ್ಲಿ 2000ದಲ್ಲಿ ಸುಮಾರು 300 ಡಾಲರಿಗೆ ಬಂದು 2009ರಲ್ಲಿ ಸುಮಾರು 100 ಡಾಲರಿಗೆ ಇಳಿಯಿತು. ಐದನೆಯದಾದರೋ ಅದೇ ದೇಶದಲ್ಲಿ 2020ರಲ್ಲಿ 499 ಡಾಲರಿಗೆ ಬಂದು 2025ರ ಆಗಸ್ಟಿನಲ್ಲಿ 549 ಡಾಲರಿಗೆ ಏರಿತು. ಭಾರತದಲ್ಲಿಯೂ 2021ರಲ್ಲಿ 49,990 ರೂಪಾಯಿಗೆ ಬಂದ ಅದರ ಬೆಲೆಯನ್ನು 2022ರಲ್ಲಿ 54,990 ರೂಪಾಯಿಗೆ ಏರಿಸಲಾಯಿತು. ದೀರ್ಘಾವಧಿಯ ಪರವಾದ ಪ್ರಬಲ ವಾದವೆಂದರೆ ಬಡವನ ಸರದಿಯೂ ಬರುತ್ತದೆಂಬುದು. ಬೆಲೆ ಇಳಿಯದಿದ್ದರೆ ಆ ವಾದದ ಅರ್ಧಬಲ ಕುಂದಿದಂತೆಯೇ. ವರ್ಷಗಳ ಸಂಖ್ಯೆಯೊಂದೇ ಇಲ್ಲಿ ಮಾನವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಕೊಂಡಪಲ್ಲಿಯ ನಿದರ್ಶನ ಮತ್ತೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಲ್ಲಿನ ಮಾದರಿಗಳು ಬಹುಕಾಲ ಬದಲಾಗದೆ ಉಳಿದವೆಂಬುದು ಹೊಗಳಿಕೆಯ ವಿಷಯವಷ್ಟೇ ಆಗಿಲ್ಲ. ಗೊಂಬೆ ದೀರ್ಘಾಯುವಾದಷ್ಟೂ ಗೊಂಬೆಗಾರನಿಗೆ ಮಾರಾಟ ಕಡಿಮೆ. ಒಮ್ಮೆ ದಶಾವತಾರವನ್ನು ಕೊಂಡ ಮನೆ ಮರುವರ್ಷ ಅದನ್ನೇ ಕೊಳ್ಳುವುದಿಲ್ಲ. ಮರದ ಅಭಾವ, ಅಗ್ಗದ ಪ್ಲಾಸ್ಟಿಕ್ಕಿನ ಪೈಪೋಟಿ, ಬೇರೆ ಉದ್ಯೋಗಗಳತ್ತ ಹೊರಳಿದ ಕಿರಿಯರು ಇವೆಲ್ಲ ಸೇರಿ ಆ ಕಸುಬನ್ನು ಸಂಕಟಕ್ಕೆ ಗುರಿಮಾಡಿವೆ. ಭೌಗೋಳಿಕ ಸೂಚಿಯ ಮಾನ್ಯತೆ ಹೆಸರನ್ನು ಕಾಪಾಡಿದೆ. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಅರಗಿನ ಬಣ್ಣಕ್ಕೂ ಹಾಲೆ ಮರದ ಕಡೆತಕ್ಕೂ ಹೆಸರಾದ ಚನ್ನಪಟ್ಟಣವು ಈಚಿನ ದಶಕಗಳಲ್ಲಿ ಹೊಸ ವಿನ್ಯಾಸಕಾರರೊಡನೆ ಕೂಡಿ, ಕಲಿಕೆಯ ಆಟಿಕೆಗಳನ್ನೂ ಗೃಹಾಲಂಕಾರದ ವಸ್ತುಗಳನ್ನೂ ಮಾಡಿ ಒಂದಷ್ಟು ಚೇತರಿಸಿಕೊಂಡಿತು. ಹೊಸತು ಬರಲೇಬೇಕು. ಅನಂತವಾದ ತಲೆಮಾರನ್ನು ಬಯಸುವವರು ಕುಶಲಿಯ ಹಸಿವನ್ನು ಮರೆತವರು.

ಆದುದರಿಂದ ಎಷ್ಟು ವರ್ಷವೆಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದನ್ನು ಕೇಳಬೇಕಾಗುತ್ತದೆ: ಹೊಸತು ಬಂದಾಗ ಹಳೆಯದರ ಗತಿ ಏನು? ಗೊಂಬೆಹಬ್ಬದಲ್ಲಿ ಇದಕ್ಕೊಂದು ಉತ್ತರವುಂಟು. ಕನ್ನಡಿಗರ ಮನೆಗಳಲ್ಲಿ ನವರಾತ್ರಿಗೂ, ಕರಾವಳಿ ಆಂಧ್ರದ ಮನೆಗಳಲ್ಲಿ ಬಹುಮಟ್ಟಿಗೆ ಸಂಕ್ರಾಂತಿಗೂ ಗೊಂಬೆಗಳನ್ನು ಕೂರಿಸುತ್ತಾರೆ. ತಾಯಿ ಮಗಳಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ ಮೇಲಿನ ಹಂತದಲ್ಲಿರುತ್ತದೆ. ವರ್ಷವರ್ಷವೂ ಸೇರುವ ಹೊಸ ಗೊಂಬೆಗೆ ಕೆಳಗೆ ಸ್ಥಳವಿರುತ್ತದೆ. ಊರು ಬಿಟ್ಟು ಬಂದ ಮನೆತನಗಳು ಕೃಷ್ಣಾ ತೀರದಲ್ಲಿ ಕೊಂಡ ಗೊಂಬೆಯನ್ನು ಮೈಸೂರಿನಿಂದ ತಂದ ಗೊಂಬೆಯ ಪಕ್ಕದಲ್ಲಿ ಇಡುವುದು ಈ ಪದ್ಧತಿಯಿಂದಲೇ ಸಾಧ್ಯವಾಯಿತು. ಹೊಸದರ ಆಗಮನ ಹಳೆಯದಕ್ಕೆ ಮರಣಶಾಸನವಲ್ಲ. ಮಾರಾಟವೂ ನಡೆಯುತ್ತದೆ, ನೆನಪೂ ಉಳಿಯುತ್ತದೆ.

ಗೊಂಬೆಯನ್ನು ನೋಡಲು ಬೇರೆ ಯಂತ್ರ ಬೇಡ, ಆಟಕ್ಕೆ ಬೇಕು, ಆದುದರಿಂದ ಹೋಲಿಕೆ ಸಲ್ಲದೆಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಅದಕ್ಕೆ ಗ್ರಾಮಫೋನಿನ ನಿದರ್ಶನವನ್ನು ತೆಗೆದುಕೊಳ್ಳಬಹುದು. 1902ರಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಿತವಾದ ಕಾಲದಿಂದ ಸುಮಾರು 1970ರವರೆಗೆ ಭಾರತದಲ್ಲಿ 78 ಸುತ್ತಿನ ತಟ್ಟೆಗಳು ಬಳಕೆಯಲ್ಲಿದ್ದವು. ಒಂದು ಕಂಪನಿಯ ತಟ್ಟೆ ಮತ್ತೊಂದು ಕಂಪನಿಯ ಯಂತ್ರದಲ್ಲಿಯೂ ಹಾಡುತ್ತಿತ್ತು. ಯಂತ್ರಗಳು ಎಷ್ಟೋ ಸಲ ಬದಲಾದುವು. ತಟ್ಟೆಯ ಕ್ರಮ ನಿಂತಿತು. ಕನ್ಸೋಲಿನಲ್ಲಿ ಹೀಗಾಗಲಿಲ್ಲ. ಎರಡನೆಯ ಪ್ಲೇಸ್ಟೇಷನ್ನಿನಲ್ಲಿ ಮೊದಲನೆಯದರ ಆಟಗಳು ನಡೆಯುತ್ತಿದ್ದವು; ನಾಲ್ಕನೆಯದರಲ್ಲಿ ಮೂರನೆಯದರ ತಟ್ಟೆಗಳು ನಡೆಯಲಿಲ್ಲ. ಐದನೆಯದರಲ್ಲಿ ನಾಲ್ಕನೆಯದರ ಬಹುಪಾಲು ಆಟಗಳು ನಡೆಯುತ್ತವೆ. ಎರಡನೆಯ ಸ್ವಿಚ್ಚಿನಲ್ಲಿಯೂ ಮೊದಲನೆಯದರ ಬಹುಪಾಲು ಆಟಗಳು ನಡೆಯುತ್ತವೆ. ಇದು ಸರಿಯಾದ ದಾರಿ. ಆದರೆ ತಯಾರಕರ ಅನುಗ್ರಹದಿಂದ ದೊರೆತುದು ಅವರ ಅನುಗ್ರಹ ತಪ್ಪಿದಾಗ ಹೋಗುವ ಸಂಭವವೂ ಉಂಟು.

ತಟ್ಟೆಯಿಲ್ಲದೆ ಜಾಲದ ಮೂಲಕವೇ ಕೊಳ್ಳುವ ಆಟಗಳ ಗತಿಯಂತೂ ಇನ್ನೂ ಶೋಚನೀಯ. ವೀ ಯಂತ್ರದ ಜಾಲದಂಗಡಿ 2019ರ ಜನವರಿಯಲ್ಲಿಯೂ, ವೀ ಯೂ ಯಂತ್ರದ್ದು 2023ರ ಮಾರ್ಚಿಯಲ್ಲಿಯೂ, ಎಕ್ಸ್‌ಬಾಕ್ಸ್ 360ರದು 2024ರ ಜುಲೈಯಲ್ಲಿಯೂ ಮುಚ್ಚಿದವು. ಮೂರನೆಯ ಪ್ಲೇಸ್ಟೇಷನ್ನಿನ ಅಂಗಡಿಯನ್ನು ಮುಚ್ಚುವುದಾಗಿ 2021ರಲ್ಲಿ ಸಾರಿದ ಸೋನಿ ಸಂಸ್ಥೆ, ಗ್ರಾಹಕರ ವಿರೋಧ ಕಂಡು ಮರುತಿಂಗಳೇ ನಿರ್ಧಾರವನ್ನು ಬದಲಿಸಿತು. ಅಮೆರಿಕಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡಾ 87ರಷ್ಟು ಮಾರಾಟದಲ್ಲಿ ದೊರೆಯುವುದಿಲ್ಲ. ನೂರಕ್ಕೆ ಎಂಬತ್ತೇಳು ಗ್ರಂಥಗಳು ಅಂಗಡಿಯಲ್ಲಿ ಸಿಗದ ಸಾಹಿತ್ಯವೊಂದನ್ನು ಕಲ್ಪಿಸಿಕೊಂಡರೆ ಈ ಸಂಖ್ಯೆಯ ಗಾಂಭೀರ್ಯ ವಿದಿತವಾದೀತು. ಅಟಾರಿ ಸಂಸ್ಥೆ ಮಾರಾಟವಾಗದ ಆಟಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಮಣ್ಣಿನಲ್ಲಿ ಹೂಳಿತು. 2014ರಲ್ಲಿ ಅವನ್ನು ಅಗೆದು ತೆಗೆದರು. ಹೂತುದನ್ನು ಅಗೆಯಬಹುದು, ಮುಚ್ಚಿದ ಜಾಲದಂಗಡಿಯನ್ನು ಅಗೆಯುವುದಕ್ಕೆ ನೆಲವೂ ಇಲ್ಲ.

ಇಷ್ಟನ್ನು ಪರ್ಯಾಲೋಚಿಸಿದರೆ ಕೆಲವು ನಿರ್ಣಯಗಳು ತಾವಾಗಿಯೇ ಒದಗುತ್ತವೆ. ಒಂದು ಯಂತ್ರಕ್ಕೂ ಅದರ ಉತ್ತರಾಧಿಕಾರಿಗೂ ನಡುವೆ ಏಳೆಂಟು ವರ್ಷದ ಅಂತರ ಸಮಂಜಸವಾದುದು. ದೊಡ್ಡ ಆಟವೊಂದರ ರಚನೆಗೆ ಹಿಡಿಯುವ ಕಾಲವೇ ಇದಕ್ಕಿಂತ ಕಡಿಮೆಯನ್ನು ಒಪ್ಪುವುದಿಲ್ಲ. ಉತ್ತರಾಧಿಕಾರಿ ಬಂದ ಮೇಲೂ ಹಳೆಯ ಯಂತ್ರದ ತಯಾರಿಕೆ, ದುರಸ್ತಿ, ಆಟಗಳ ಪ್ರಕಟಣೆ ಇನ್ನೂ ಐದಾರು ವರ್ಷ ನಡೆಯತಕ್ಕದ್ದು. ಎರಡನೆಯ ಪ್ಲೇಸ್ಟೇಷನ್ನಿನ ಚರಿತ್ರೆ ಇದು ಅಸಾಧ್ಯವಲ್ಲವೆಂದು ತೋರಿಸಿದೆ. ಆ ಅವಧಿಯಲ್ಲಿ ಬೆಲೆ ಇಳಿಯಬೇಕು. ಹೊಸ ಯಂತ್ರದಲ್ಲಿ ಹಳೆಯ ಆಟ ನಡೆಯಬೇಕು. ಜಾಲದಂಗಡಿ ಮುಚ್ಚುವುದಾದರೆ ಆಟಗಳನ್ನು ಗ್ರಂಥಾಲಯದಂಥ ಸಂಸ್ಥೆಯೊಂದಕ್ಕೆ ಒಪ್ಪಿಸಬೇಕು. ಅಂತೂ ಒಂದು ತಲೆಮಾರಿನ ಪೂರ್ಣಾಯುಸ್ಸು ಹನ್ನೆರಡು, ಹದಿಮೂರು ವರ್ಷಕ್ಕೆ ಕಡಿಮೆಯಾಗಬಾರದು. ಅದು ಒಂದು ಮಗು ಅಕ್ಷರ ಕಲಿತು ಪ್ರೌಢಶಾಲೆಯನ್ನು ಮುಗಿಸುವ ಕಾಲ.

ಹೊರನಾಡಿನ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಅವರ ಮಕ್ಕಳು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ತೆಲುಗನ್ನೂ, ಕನ್ಸೋಲಿನ ಮುಂದೆ ಇಂಗ್ಲಿಷನ್ನೂ ಕೇಳುತ್ತಾರೆ. ಕನ್ನಡದಲ್ಲಿ ಮಾತನಾಡುವ ಆಟ ಈ ಯಂತ್ರಗಳ ಮೇಲೆ ತೀರ ವಿರಳ. ಹೈದರಾಬಾದಿನಲ್ಲಿ ಚಿನ್ನಿದಾಂಡು ತೆರೆಗೆ ಬರಲು ಯಂತ್ರಕ್ಕೆ ಒಂಬತ್ತು ವರ್ಷವಾಗಬೇಕಾಯಿತು. ಕನ್ನಡದ ಅಳಗುಳಿಮಣೆಯೋ ಚೌಕಾಬಾರವೋ ಬರುವುದಕ್ಕೂ ಅಷ್ಟೇ ಕಾಲ ಬೇಕಾದೀತು. ಆ ಒಂಬತ್ತನೆಯ ವರ್ಷವು ಯಂತ್ರಕ್ಕೆ ದೊರೆಯುವಂತೆ ನೋಡಿಕೊಳ್ಳುವುದು ತಯಾರಕರ ಧರ್ಮ. ಅಷ್ಟರೊಳಗೆ ಕೈಯನ್ನು ಪಳಗಿಸಿಕೊಂಡು ಸಿದ್ಧರಾಗಿರುವುದು ಕನ್ನಡದ ಕುಶಲಿಗಳ ಧರ್ಮ.